ಶನಿವಾರ ಭಾನುವಾರದ ಬೇಸಾಯ, ಉಳಿದ ದಿನ ನೌಕರಿ: ನಡುವಯಸ್ಸಿನಲ್ಲಿ ಎರಡನ್ನೂ ಹೇಗೆ ತೂಗಿಸುತ್ತಿದ್ದೀರಿ?

ಹೊಲದ ಹಾದಿ

ಎಲ್ಲರಿಗೂ ನಮಸ್ಕಾರ. ನನಗೀಗ 48. ಸೋಮವಾರದಿಂದ ಶುಕ್ರವಾರದವರೆಗೆ ಕಚೇರಿ, ಶನಿವಾರ ಭಾನುವಾರ ಒಂದು ಎಕರೆಯ ತೋಟ. ಕೆಲವು ವರ್ಷಗಳಿಂದ ಹೀಗೇ ನಡೆದಿದೆ. ನನ್ನಂಥವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಮನಸ್ಸು ಬಿಚ್ಚಿ ಕೇಳುತ್ತಿದ್ದೇನೆ.

ತೋಟಕ್ಕೆ ಒಬ್ಬನೇ ಹೋಗುತ್ತೇನೆ. ಹೋದ ಮೊದಲ ಒಂದೆರಡು ಗಂಟೆ ತಲೆಯೊಳಗೆ ಕಚೇರಿಯೇ ಓಡುತ್ತಿರುತ್ತದೆ. ಯಾರು ಏನಂದರು, ನಾನೇನು ಹೇಳಬೇಕಿತ್ತು, ಇದೇ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾ ಹೋದ ಹಾಗೆ ಆ ಮಾತುಗಳು ಕಡಿಮೆಯಾಗುತ್ತವೆ. ಬೇರು ಸಮೇತ ಬರಬೇಕು ಅಂದರೆ ಕಳೆಯನ್ನು ಬುಡದಲ್ಲಿ ಹಿಡಿಯಬೇಕು, ಎಳೆಯುವ ಮುಂಚೆ ಸ್ವಲ್ಪ ಅಲ್ಲಾಡಿಸಬೇಕು, ಪಕ್ಕದ ಸಸಿಗೆ ಪೆಟ್ಟಾಗಬಾರದು. ಗಮನವೆಲ್ಲ ಅಲ್ಲಿಗೆ ಹೋಗಿಬಿಡುತ್ತದೆ. ಸಂಜೆ ಕೈಕಾಲು ತೊಳೆಯುವಾಗ, ಮಧ್ಯಾಹ್ನದಿಂದ ಯಾರ ಮೇಲೂ ಸಿಟ್ಟು ಬಂದಿಲ್ಲವಲ್ಲ ಅಂತ ಅನ್ನಿಸುತ್ತದೆ.

ಮೂವತ್ತರ ವಯಸ್ಸಿನಲ್ಲಿ ನನಗೆ ಒಬ್ಬನೇ ಇರುವುದು ಅಂದರೆ ಆಗುತ್ತಲೇ ಇರಲಿಲ್ಲ. ಈಗ ಅದೇ ಬೇಕು. ವಾರದ ನಡುವೆಯೂ ಬೇಕು ಅನ್ನಿಸುತ್ತದೆ. ಇದು ವಯಸ್ಸಿಗೆ ತಕ್ಕ ಬದಲಾವಣೆಯಾ, ಇಲ್ಲಾ ನಾನು ಜನರಿಂದ ದೂರ ಸರಿಯುತ್ತಿದ್ದೇನಾ, ತಿಳಿಯುತ್ತಿಲ್ಲ. ಮೊನ್ನೆ ನನ್ನ ಹೆಂಡತಿ ಸಮಾಧಾನವಾಗಿಯೇ ಕೇಳಿದಳು: "ನೀವು ತೋಟಕ್ಕೆ ಹೋಗ್ತೀರಾ, ಇಲ್ಲಾ ಮನೆಯಿಂದ ಹೋಗ್ತೀರಾ?" ಏನು ಹೇಳಬೇಕೋ ತೋಚಲಿಲ್ಲ.

ಇನ್ನೊಂದು ವಿಷಯ. ಪಕ್ಕದಲ್ಲೇ ಎರಡು ಎಕರೆ ಮಾರಾಟಕ್ಕಿದೆ. ತೆಗೆದುಕೊಂಡು, ನೌಕರಿ ಬಿಟ್ಟು, ಪೂರ್ತಿ ಇದಕ್ಕೇ ಇಳಿದುಬಿಡಲಾ ಅನ್ನುವ ಆಸೆ ಒಂದು ಕಡೆ. ಒಬ್ಬ ಮನುಷ್ಯ, ವಾರಕ್ಕೆ ಎರಡು ದಿನ, ಎಷ್ಟು ನೆಲ ನೋಡಿಕೊಳ್ಳಬಹುದು? ಈ ಒಂಟಿತನದ ಆಸೆಯನ್ನು ನೀವೆಲ್ಲ ಹೇಗೆ ನೋಡುತ್ತೀರಿ? ಅನುಭವ ಇದ್ದವರು ಹೇಳಿ.

ನೀರಿನ ಲೆಕ್ಕ

ಎಷ್ಟು ನೆಲ ಅಂತ ಕೇಳಿದ್ದೀರಿ. ನಾನು ಎಕರೆಯಿಂದ ಲೆಕ್ಕ ಶುರು ಮಾಡುವುದಿಲ್ಲ. ನೀವು ಇಲ್ಲದ ಐದು ದಿನ ತೋಟ ಹೇಗಿರುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ. ನೀವಿದ್ದಾಗ ಎಲ್ಲ ತೋಟವೂ ಚೆನ್ನಾಗೇ ಇರುತ್ತದೆ.

ಬೆಂಡೆ ತಗೊಳ್ಳಿ. ಕಾಯಿ ಹಿಡಿದ ಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಐದು ದಿನ ಬಿಟ್ಟರೆ ನಾರಾಗಿ ನಿಂತಿರುತ್ತದೆ. ಅಷ್ಟೇ ಆದರೆ ಪರವಾಗಿಲ್ಲ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂವೂ ಕಡಿಮೆಯಾಗುತ್ತದೆ. ಸೌತೆ, ಹುರುಳಿಕಾಯಿ ಕೂಡ ಹೀಗೇ. ಇವೆಲ್ಲ ದಿನಾ ಕಣ್ಣೆದುರಿಗೆ ಇರುವವರ ಬೆಳೆ. ವಾರಕ್ಕೊಮ್ಮೆ ಬರುವವರಿಗೆ ಕಾಯುವ ಬೆಳೆ ಬೇಕು: ಸಿಹಿಗೆಣಸು, ಅರಿಶಿನ, ಶುಂಠಿ, ಕುಂಬಳ, ಹಣ್ಣಿನ ಮರಗಳು. ಇವು ಒಂದು ವಾರ ತಡವಾದರೂ ಮುನಿಸಿಕೊಳ್ಳುವುದಿಲ್ಲ.

ಇನ್ನು ನೀರು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್. ಬಿಸಿಲು ಜೋರಿರುವ ದಿನ ನೆಲ ಪೂರ್ತಿ ಮುಚ್ಚಿದ ಬೆಳೆ 5–6 ಮಿಲಿಮೀಟರ್ ಕುಡಿಯುತ್ತದೆ, ಅಂದರೆ ಎಕರೆಗೆ ದಿನಕ್ಕೆ 20,000 ಲೀಟರ್ ದಾಟುತ್ತದೆ. ಮೂರು ಎಕರೆಗೆ ನೀವೇ ಗುಣಿಸಿ. ಪಕ್ಕದ ಎರಡು ಎಕರೆ ತಗೊಳ್ಳುವ ಮುಂಚೆ ಈ ನೀರು ಎಲ್ಲಿಂದ ಬರುತ್ತದೆ, ನೀವಿಲ್ಲದ ದಿನ ಯಾರು ಬಿಡುತ್ತಾರೆ ಅಂತ ಕೂತು ಬರೆದು ನೋಡಿ. ಜಮೀನಿನ ಬೆಲೆಗಿಂತ ಮುಖ್ಯವಾದ ಲೆಕ್ಕ ಅದು.

ಹನಿ ನೀರಾವರಿ ಇದ್ದರೆ ಟೈಮರ್ ಹಾಕಬಹುದು. ಆದರೆ ಟೈಮರ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ವಾರವಾರ ಫಿಲ್ಟರ್ ಬಿಚ್ಚಿ ಜಾಲರಿ ತೊಳೆಯಿರಿ. ಆಗಾಗ ಒಂದೊಂದೇ ಪೈಪಿನ ತುದಿಯ ಮುಚ್ಚಳ ತೆಗೆದು ನೀರು ಹೊರಗೆ ಬಿಡಿ. ಮೊದಲು ಕಂದು ನೀರು ಬರುತ್ತದೆ, ಜೊತೆಗೆ ಲೋಳೆಲೋಳೆಯಾದ ಪಾಚಿ ಎಳೆಗಳು, ಸಣ್ಣ ಮರಳು. ತಿಳಿನೀರು ಬರುವ ತನಕ ಬಿಟ್ಟು ಮುಚ್ಚಬೇಕು. ಗಂಟೆಗೆ 4 ಲೀಟರ್ ಬಿಡುವ ಹನಿಕಂಡಿ ಕಟ್ಟಿಕೊಂಡರೆ ಗಿಡ ಬಾಡಿದ ಮೇಲೇ ಗೊತ್ತಾಗುವುದು, ಅಷ್ಟೊತ್ತಿಗೆ ನೀವು ಕಚೇರಿಯಲ್ಲಿ ಇರುತ್ತೀರಿ. ನೆಲಕ್ಕೆ ಒಣಹುಲ್ಲು, ತರಗೆಲೆ ದಪ್ಪಗೆ ಮುಚ್ಚಿ. ಮರದ ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಸಂಪಿಗೆ

ಹೊಲದ ಹಾದಿ ಅಣ್ಣ, ನಾನು ಆ ಕಡೆಯಿಂದ ಮಾತಾಡುತ್ತೇನೆ. ನಮ್ಮ ಮನೆಯವರೂ ನಿಮ್ಮ ಹಾಗೇ. ಶುಕ್ರವಾರ ರಾತ್ರಿಯಿಂದಲೇ ಗಂಬೂಟು, ಕುಡುಗೋಲು ಬಾಗಿಲ ಹತ್ತಿರ ಬಂದು ಕೂರುತ್ತವೆ.

ನಿಮ್ಮ ಹೆಂಡತಿ ಕೇಳಿದ ಮಾತು ನನಗೆ ತುಂಬಾ ಅರ್ಥವಾಗುತ್ತದೆ. ನೀವು ತೋಟದಲ್ಲಿ ಒಬ್ಬರೇ ಇರುವ ಎರಡು ದಿನ ಮನೆಯಲ್ಲಿ ಯಾರೋ ಒಬ್ಬರು ಇಬ್ಬರ ಕೆಲಸ ಮಾಡುತ್ತಿರುತ್ತಾರೆ. ಮಕ್ಕಳ ಪರೀಕ್ಷೆ, ವಯಸ್ಸಾದವರ ಔಷಧಿ, ಬಂದವರು ಹೋದವರು, ವಾರದ ಬಟ್ಟೆ. ನಿಮ್ಮ ನೆಮ್ಮದಿಗೆ ಆ ಗಂಟೆಗಳೂ ಸೇರಿವೆ. ಇದನ್ನು ದೂರು ಅಂತ ಹೇಳುತ್ತಿಲ್ಲ. ನಮ್ಮವರು ತೋಟ ಶುರು ಮಾಡಿದ ಮೇಲೆ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಸುಮ್ನೆ ರೇಗುವುದು ನಿಂತಿದೆ. ಅದು ನನಗೂ ಬೇಕಾಗಿದ್ದೇ.

ಆದರೆ ನನಗೂ ಒಬ್ಬಳೇ ಇರಬೇಕು ಅನ್ನಿಸುತ್ತದೆ. ಹೆಂಗಸರಿಗೆ ಹಾಗೆ ಅನ್ನಿಸಿದರೆ "ಏನಾಯ್ತು, ಯಾಕೆ ಸಪ್ಪಗಿದ್ದೀಯ" ಅಂತ ಕೇಳುತ್ತಾರೆ. ಗಂಡಸಿಗೆ ತೋಟ ಅನ್ನುವ ಹೆಸರಾದರೂ ಸಿಗುತ್ತದೆ, ನಮಗೆ ಅದೂ ಇಲ್ಲ. ನಾನು ಇದನ್ನು ನೇರವಾಗಿ ಹೇಳಿದೆ. ಈಗ ತಿಂಗಳಲ್ಲಿ ಒಂದು ಶನಿವಾರ ಭಾನುವಾರ ಅವರು ಮನೆಯಲ್ಲಿ, ನಾನು ನನ್ನ ಪಾಡಿಗೆ. ಎಲ್ಲಿಗೆ ಹೋದೆ, ಏನು ಮಾಡಿದೆ ಅಂತ ಯಾರಿಗೂ ವರದಿ ಒಪ್ಪಿಸುವುದಿಲ್ಲ. ಕೆಲವು ಸಲ ತೋಟಕ್ಕೇ ಹೋಗುತ್ತೇನೆ, ಒಬ್ಬಳೇ. ಅವರು ನೆಟ್ಟ ಸಾಲು ನನಗೆ ಸೊಟ್ಟಗೆ ಕಂಡರೂ ಮುಟ್ಟುವುದಿಲ್ಲ.

ನೀವು ಉತ್ತರ ಹುಡುಕುವ ಮುಂಚೆ ಅತ್ತಿಗೆಯವರಿಗೆ ಏನು ಬೇಕು ಅಂತ ಕೇಳಿದ್ದೀರಾ?

ಕರಿಮಣ್ಣು

ನನಗೆ ಬೇಸಾಯವೇ ಜೀವನ, ಬೇರೆ ಸಂಬಳ ಇಲ್ಲ. ವಾರದ ಕೊನೆಗೆ ಬರುವವರು ನನ್ನ ಹೊಲದ ಸುತ್ತಮುತ್ತ ಇದ್ದಾರೆ. ಒಳ್ಳೆಯವರು, ಕಲಿಯುವ ಆಸೆ ಇದೆ, ಅವರು ಬಂದರೆ ಖುಷಿಯೇ. ಆದರೂ ಒಂದೆರಡು ಮಾತು ಹೇಳಲೇಬೇಕು.

ನಿಮ್ಮ ಬೇಲಿಯೊಳಗೆ ಆಗುವುದು ಬೇಲಿಯೊಳಗೇ ಇರುವುದಿಲ್ಲ. ಒಂದು ಪಾರ್ಥೇನಿಯಂ ಗಿಡ ಹೂ ಬಿಟ್ಟು ಬಲಿತರೆ 15,000ಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಗಾಳಿಗೆ, ನೀರಿಗೆ ಅದು ನನ್ನ ಹೊಲಕ್ಕೇ ಬರುವುದು. ಒಂದು ಮೂಲೆ ನಿಮಗೆ ಕೈಗೆ ಸಿಗದಿದ್ದರೆ ಹೂವಾಗುವ ಮುಂಚೆ ಕೊಯ್ದಾದರೂ ಹಾಕಿ. ಕೈಗವಸು ಹಾಕಿಕೊಳ್ಳಿ, ಆ ಗಿಡ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ.

"ನಾವು ಸಹಜ ಕೃಷಿ ಮಾಡ್ತೀವಿ, ಏನೂ ಮುಟ್ಟಲ್ಲ" ಅನ್ನುವವರು ಜಾಸ್ತಿ ಆಗಿದ್ದಾರೆ. ಆ ದಾರಿ ತೋರಿಸಿದ ಜಪಾನಿನ ಮಸನೊಬು ಫುಕುವೊಕ ಏನು ಅನುಭವಿಸಿದರು ಅಂತ ತಿಳಿದುಕೊಳ್ಳಿ. ಅವರೂ ಮೊದಲು ನೌಕರಿಯಲ್ಲಿದ್ದವರೇ, ಯೊಕೊಹಾಮ ಬಂದರಿನ ಸುಂಕದ ಇಲಾಖೆಯಲ್ಲಿ ಸಸ್ಯಗಳ ತಪಾಸಣೆ. 1930ರ ದಶಕದ ಕೊನೆಯಲ್ಲಿ ಬಿಟ್ಟು ಊರಿಗೆ ಬಂದು ಅಪ್ಪನ ಕಿತ್ತಳೆ ತೋಟಕ್ಕೆ ಇಳಿದರು. ಅಲ್ಲಿಯವರೆಗೆ ಸವರಿ ಬೆಳೆಸಿದ್ದ ಮರಗಳನ್ನು ಸವರದೆ ಬಿಟ್ಟರು. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಹುಳ ಬಿತ್ತು, ಮರಗಳು ಒಣಗಿಹೋದವು. ಕೈಬಿಡುವುದೇ ಬೇರೆ, ಸಹಜವಾಗಿ ಬೆಳೆಸುವುದೇ ಬೇರೆ ಅಂತ ಅವರೇ ಮುಂದೆ ಸ್ಪಷ್ಟವಾಗಿ ಹೇಳಿದ್ದಾರೆ. ಮನುಷ್ಯನ ಕೈಯಲ್ಲಿ ಬೆಳೆದ ಮರಕ್ಕೆ ದಿಢೀರನೆ ಕೈ ತೆಗೆದರೆ ಅದು ಎಲ್ಲಿಗೆ ಹೋಗಬೇಕು?

ಮೂರು ಎಕರೆ ಆದರೆ ಆಳು ಇಡಬೇಕಾಗುತ್ತದೆ. ಆಗ ನೀವು ಬಯಸುವ ಒಂಟಿತನ ಇರುವುದಿಲ್ಲ, ಅದನ್ನೂ ಯೋಚಿಸಿ.

ಹೊಸ ನೇಗಿಲು

"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಅಂತ ನಮ್ಮ ಹಿರಿಯರು ಅದಕ್ಕೇ ಹೇಳಿದ್ದು, ಅಲ್ವಾ ಕರಿಮಣ್ಣು ಸರ್?

ಕರಿಮಣ್ಣು

ಆ ಗಾದೆ ನನಗೂ ಗೊತ್ತು ತಮ್ಮ. ಆದರೆ ಕೊನೆಯ ಮಾತು ನಾನು ಒಪ್ಪುವುದಿಲ್ಲ. ನನ್ನ ಹೊಲಕ್ಕೆ ಬರುವವರಿಗೆ ಮಣ್ಣು, ನೀರು, ದನ ಎಲ್ಲ ನನಗಿಂತ ಚೆನ್ನಾಗಿ ಗೊತ್ತು. ಕೆಲಸ ಕೆಡುವುದು ಯಜಮಾನ ಏನು ಬೇಕು ಅಂತ ಸರಿಯಾಗಿ ಹೇಳದೆ ಹೊರಟುಹೋದಾಗ, ಕೂಲಿ ತಡಮಾಡಿದಾಗ, ಫೋನಿನಲ್ಲೇ ಬೇಸಾಯ ಮಾಡಿಸಲು ನೋಡಿದಾಗ. ವಾರಕ್ಕೊಮ್ಮೆ ಬರುವವರು ಯಾರನ್ನಾದರೂ ಇಟ್ಟುಕೊಂಡರೆ ಅವರ ಜೊತೆ ಅರ್ಧ ದಿನ ಸೇರಿ ಕೆಲಸ ಮಾಡಿ. ತೀರ್ಮಾನ ತೆಗೆದುಕೊಳ್ಳುವ ಹಕ್ಕೂ ಅವರಿಗೆ ಸ್ವಲ್ಪ ಕೊಡಿ. ಐದು ದಿನ ತೋಟ ನೋಡುವವರು ಅವರು, ಎರಡು ದಿನ ನೋಡುವವರು ನೀವು.

ಬೆನ್ನು ನೆಟ್ಟಗೆ

ನಾನು ಫಿಸಿಯೋಥೆರಪಿಸ್ಟ್. ಸೋಮವಾರ ಬೆಳಿಗ್ಗೆ ನನ್ನ ಹತ್ತಿರ ಬರುವವರಲ್ಲಿ ವಾರದ ಕೊನೆಯ ರೈತರು ಇರುತ್ತಾರೆ, ಹಾಗಾಗಿ ಈ ಮಾತು ಬರೆಯಲೇಬೇಕು.

30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತಾ ಬರುತ್ತದೆ. ಬಳಸಿದರೆ ನಿಧಾನವಾಗುತ್ತದೆ, ಆ ಮಟ್ಟಿಗೆ ತೋಟದ ಕೆಲಸ ಒಳ್ಳೆಯದೇ. ತೊಂದರೆ ಏನು ಅಂದರೆ ಐದು ದಿನ ಕುರ್ಚಿ, ಆರನೇ ದಿನ ಬೆಳಿಗ್ಗೆ ಏಳಕ್ಕೇ ಗುಂಡಿ ತೋಡುವುದು. ವಾರದ ನಡುವೆ ಬೆನ್ನಿಗೆ, ತೊಡೆಗೆ, ಭುಜಕ್ಕೆ ಕೆಲಸ ಕೊಡಿ. ಬೆವರು ಬರುವ ನಡಿಗೆ ವಾರಕ್ಕೆ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ. ತೋಟಕ್ಕೆ ಹೋಗುವವರಿಗೆ ಇದು ಇನ್ನೂ ಜಾಸ್ತಿ ಬೇಕು.

ಸನಿಕೆ, ಗುದ್ದಲಿಯ ಕಾವು ನಿಮ್ಮ ಎತ್ತರಕ್ಕೆ ತಕ್ಕಂತೆ ಇರಲಿ. ಗಿಡ್ಡ ಕಾವು ಹಿಡಿದು ದಿನವಿಡೀ ಬಗ್ಗಿದರೆ ಸೊಂಟಕ್ಕೆ ಬೀಳುತ್ತದೆ. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಬೇಡ: ಕಳೆ ಕಿತ್ತ ಮೇಲೆ ನಿಂತು ಮಾಡುವ ಕೆಲಸ, ಆಮೇಲೆ ಹೊರುವ ಕೆಲಸ. 40ರಿಂದ 60ರ ನಡುವೆ ಭುಜ ಬಿಗಿದುಕೊಳ್ಳುವ ತೊಂದರೆ ಜಾಸ್ತಿ ಕಾಣಿಸುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ಕೈ ಮೇಲೆತ್ತುವಾಗ ನೋವು ಬಂದರೆ "ಆಮೇಲೆ ನೋಡೋಣ" ಅನ್ನಬೇಡಿ.

ಒಬ್ಬರೇ ಹೋಗುವವರಿಗೆ ಇನ್ನಷ್ಟು. ಹತ್ತು ವರ್ಷಕ್ಕೊಮ್ಮೆ ಟಿಟನಸ್ ಬೂಸ್ಟರ್ ಆಗಿದೆಯಾ ನೋಡಿಕೊಳ್ಳಿ. ಇಲಿ ಓಡಾಡುವ ಕೆಸರು ನೀರಿಗೆ ಗಾಯದ ಕಾಲು ಇಟ್ಟರೆ ಇಲಿ ಜ್ವರ ಬರಬಹುದು, ಗಂಬೂಟು ಹಾಕಿ. ಏಣಿ ಹತ್ತುವ ಕೆಲಸ, ಮರ ಕಡಿಯುವ ಯಂತ್ರದ ಕೆಲಸ, ಬಾವಿಗೆ ಇಳಿಯುವ ಕೆಲಸ ಇವನ್ನು ಒಬ್ಬರೇ ಇದ್ದಾಗ ಮಾಡಲೇಬೇಡಿ. ಫೋನು ಚೀಲದಲ್ಲಿ ಬೇಡ, ಮೈಮೇಲೆ ಇರಲಿ. ಸಂಜೆ ಇಷ್ಟು ಹೊತ್ತಿಗೆ ಫೋನು ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿ ಹೋಗಿ, ಮಾಡಿ. ಒಬ್ಬರೇ ಇರುವ ಸುಖಕ್ಕೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಒಂಟಿ ಮರ

ನನಗೆ 55. ಮನೆಯಲ್ಲೂ ಒಬ್ಬನೇ, ತೋಟದಲ್ಲೂ ಒಬ್ಬನೇ. ಸಂಗಾತಿ ತೀರಿಕೊಂಡು ಕೆಲವು ವರ್ಷ ಆಯಿತು. ಹಾಗಾಗಿ ಒಂಟಿತನದ ಎರಡು ಮುಖವನ್ನೂ ನೋಡಿದ್ದೇನೆ.

ಅವಳಿದ್ದಾಗ ತೋಟದಲ್ಲಿ ಒಬ್ಬನೇ ಇದ್ದದ್ದು ಒಂದು ರೀತಿ. ಸಂಜೆ ಹೋಗಿ ಹೇಳುವುದಕ್ಕೆ ಒಬ್ಬರು ಇದ್ದರು. ಒಂದು ಹಕ್ಕಿ ಗೂಡು ಕಟ್ಟಿದ್ದು ಕಂಡರೆ, ಇದನ್ನು ಹೇಳಬೇಕು ಅಂತ ಮನಸ್ಸು ಅಲ್ಲೇ ಮಾತು ಕಟ್ಟುತ್ತಿತ್ತು. ಈಗಲೂ ಕಟ್ಟುತ್ತದೆ, ಹೇಳುವುದಕ್ಕೆ ಯಾರೂ ಇಲ್ಲ. ಕೆಲಸ ಅದೇ, ಮರ ಅವೇ, ಮೌನವೂ ಅಷ್ಟೇ. ಆದರೂ ಪೂರ್ತಿ ಬೇರೆ. ಹೊಲದ ಹಾದಿ ಅವರೇ, ನಿಮ್ಮದು ಮೊದಲನೆಯ ರೀತಿಯದು. ಅದಕ್ಕೆ ಹೆದರಬೇಡಿ. ಆದರೆ ಅದು ಹಾಗೆ ಸಿಹಿಯಾಗಿರುವುದು ಮನೆಯಲ್ಲಿ ನಿಮಗೆ ಕಾಯುವವರು ಇರುವುದರಿಂದ ಅನ್ನುವುದು ನೆನಪಿರಲಿ.

ಜನರಿಂದ ದೂರ ಇದ್ದು ಬೇಸಾಯ ಮಾಡಿದವರು ಅಂದರೆ ಎಲ್ಲರೂ ಅಮೆರಿಕದ ಲೇಖಕ ಥೋರೋ ಹೆಸರು ಹೇಳುತ್ತಾರೆ. 1845ರಿಂದ 1847ರವರೆಗೆ, ಎರಡು ವರ್ಷದ ಮೇಲೆ ಸ್ವಲ್ಪ ದಿನ, ಕೆರೆಯ ದಂಡೆಯ ಗುಡಿಸಲಲ್ಲಿ ಇದ್ದವರು. ಆದರೆ ಊರು ಅಲ್ಲಿಂದ ಎರಡೂವರೆ ಕಿಲೋಮೀಟರಿನಷ್ಟೇ. ಆಗಾಗ ನಡೆದುಹೋಗಿ ಜನರ ಜೊತೆ ಮಾತಾಡಿ ಬರುತ್ತಿದ್ದರು, ಗುಡಿಸಲಿಗೂ ಜನ ಬರುತ್ತಿದ್ದರು. ಅವರ ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇರುವುದು: ಮೊದಲ ವರ್ಷ ಹುರುಳಿಕಾಯಿ ಮತ್ತಿತರ ಬೆಳೆ ಹಾಕಿದ್ದು ಸುಮಾರು ಎರಡೂವರೆ ಎಕರೆ. ಮರುವರ್ಷ ಅಗೆದದ್ದು ಒಂದು ಎಕರೆಯ ಮೂರನೇ ಒಂದು ಭಾಗ ಮಾತ್ರ. ತನಗೆ ಬೇಕಾದದ್ದು ಅಷ್ಟೇ ಅಂತ ಗೊತ್ತಾಗಿತ್ತು.

ನನ್ನ ಮಟ್ಟಿಗೆ ನಾನು ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ. ತೋಟದಿಂದ ಹೊರಡುವಾಗ ಏನಾದರೂ ಕೊಯ್ದು ಯಾರದಾದರೂ ಮನೆಗೆ ಕೊಟ್ಟು, ಬಾಗಿಲಲ್ಲಿ ನಿಂತಾದರೂ ಹತ್ತು ನಿಮಿಷ ಮಾತಾಡಿಕೊಂಡು ಬರುವುದು. ಕೊಡುವುದಕ್ಕೆ ಏನೂ ಇಲ್ಲದ ದಿನ ಸುಮ್ನೆ ಹೋಗಿ ಬಾಗಿಲು ತಟ್ಟುತ್ತೇನೆ.

ಬೆನ್ನು ನೆಟ್ಟಗೆ

ಒಂಟಿ ಮರ ಸರ್, ನಿಮ್ಮ ಕಟ್ಟುಪಾಡು ಔಷಧಿಯಷ್ಟೇ ಮುಖ್ಯ. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಜನರೊಂದಿಗೆ ಗಟ್ಟಿ ಸಂಬಂಧ ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚು ಅಂತ ಕಂಡಿತು.

ತೋಟದ ಪರವಾಗಿಯೂ ಒಂದು ಹೇಳಬೇಕು. ನೆದರ್ಲೆಂಡ್ಸ್‌ನಲ್ಲಿ 2011ರ ಒಂದು ಪ್ರಯೋಗ. ಕೈತೋಟ ಮಾಡುವ ಜನರಿಗೆ ಮೊದಲು ತಲೆಬಿಸಿ ಆಗುವಂಥ ಕೆಲಸ ಕೊಟ್ಟು, ಆಮೇಲೆ ಕೆಲವರನ್ನು ಅರ್ಧ ಗಂಟೆ ತೋಟದಲ್ಲಿ ಕೆಲಸಕ್ಕೆ, ಕೆಲವರನ್ನು ಒಳಗೆ ಕೂತು ಓದುವುದಕ್ಕೆ ಬಿಟ್ಟರು. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಎರಡೂ ಕಡೆ ಇಳಿಯಿತು, ತೋಟದಲ್ಲಿದ್ದವರಿಗೆ ಜಾಸ್ತಿ ಇಳಿಯಿತು. ಅರ್ಧ ಗಂಟೆ ಸಾಕಾಯಿತು ನೋಡಿ. ವಾರದ ನಡುವೆಯೂ ಬೇಕು ಅನ್ನಿಸುತ್ತದೆ ಅಂತ ಹೊಲದ ಹಾದಿಯವರು ಬರೆದಿದ್ದರಲ್ಲ, ಅದಕ್ಕೆ ಮನೆ ಹತ್ತಿರ ನಾಲ್ಕು ಕುಂಡ ಇದ್ದರೂ ಆಗುತ್ತದೆ. ಎರಡು ಎಕರೆ ಬೇಕಿಲ್ಲ.

ಎರಡು ದಡ

ನೌಕರಿ ಬಿಡುವ ಮಾತಿಗೆ ಯಾರೂ ಸರಿಯಾಗಿ ಕೈ ಹಾಕಿಲ್ಲ, ನಾನು ಹೇಳುತ್ತೇನೆ.

ಅರ್ಧ ಬೇಸಾಯ ಅರ್ಧ ನೌಕರಿ ಅಂದರೆ ಏನೋ ಅರೆಬರೆ, ಪೂರ್ತಿ ಇಳಿದವನೇ ನಿಜವಾದ ರೈತ ಅನ್ನುವ ಭಾವನೆ ನಮ್ಮಲ್ಲಿ ಇದೆ. ಪ್ರಪಂಚ ನೋಡಿದರೆ ಹಾಗೇನಿಲ್ಲ. ಜಪಾನಿನಲ್ಲಿ ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ರೈತ ಮನೆಗಳಲ್ಲಿ ಹೆಚ್ಚಿನವು ಅರೆಕಾಲಿಕ ಬೇಸಾಯದವೇ. ಅಲ್ಲಿನ ಕೃಷಿ ಗಣತಿಯಲ್ಲಿ ಅದಕ್ಕೆ ವಿಭಾಗಗಳೇ ಇದ್ದವು: ಬೇಸಾಯ ಮುಖ್ಯ, ಹೊರಗಿನ ಆದಾಯ ಉಪ ಅನ್ನುವವರು ಒಂದು, ಹೊರಗಿನ ಆದಾಯ ಮುಖ್ಯ, ಬೇಸಾಯ ಉಪ ಅನ್ನುವವರು ಇನ್ನೊಂದು. ಅಮೆರಿಕದಲ್ಲೂ ರೈತ ಕುಟುಂಬಗಳ ಆದಾಯದ ದೊಡ್ಡ ಪಾಲು ಹೊಲದ ಹೊರಗಿನ ದುಡಿಮೆಯಿಂದ ಬರುವುದು. ಪ್ರಪಂಚದಲ್ಲಿ ಸುಮಾರು 57 ಕೋಟಿ ಹಿಡುವಳಿಗಳಿವೆ ಅಂತ ಅಂದಾಜು, ಅದರಲ್ಲಿ ಶೇಕಡಾ 84ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಸಣ್ಣ ನೆಲ, ಜೊತೆಗೊಂದು ಬೇರೆ ಕೆಲಸ, ಇದು ಬಹಳ ಜನರ ಬದುಕು.

ನಾನು ನೌಕರಿ ಬಿಡಲಿಲ್ಲ, ಕಡಿಮೆ ಮಾಡಿಕೊಂಡೆ. ಸಂಬಳ ಇಳಿಸಿಕೊಂಡು ವಾರಕ್ಕೆ ಮೂರು ದಿನದ ಕೆಲಸ ಕೇಳಿದೆ, ಕೊಟ್ಟರು. ಅದಕ್ಕೂ ಮುಂಚೆ ಮನೆಯವರೆಲ್ಲ ಸೇರಿ ಒಂದು ವರ್ಷ ಆ ಕಡಿಮೆ ಸಂಬಳದಲ್ಲೇ ಬದುಕಿ ನೋಡಿದೆವು, ಮಿಕ್ಕಿದ್ದನ್ನು ಮುಟ್ಟಲಿಲ್ಲ. ಆ ಒಂದು ವರ್ಷ ನಮಗೆ ಎಲ್ಲವನ್ನೂ ತಿಳಿಸಿತು. ತೋಟದ ಆದಾಯವನ್ನು ಮನೆ ಖರ್ಚಿಗೆ ಅಂತ ಲೆಕ್ಕ ಹಿಡಿಯಲಿಲ್ಲ. ಬೆಳೆ ಬಂದರೆ ತೋಟಕ್ಕೇ ಹಾಕುತ್ತೇನೆ. ಸಾಲ ತಂದು ನೆಲ ಕೊಂಡರೆ ಈ ಸ್ವಾತಂತ್ರ್ಯ ಇರುವುದಿಲ್ಲ. ಕಂತು ಕಟ್ಟುವ ದಿನ ಹತ್ತಿರ ಬಂದಾಗ ಕಳೆ ಕೀಳುತ್ತಾ ಕೂತರೂ ತಲೆಯೊಳಗಿನ ಮಾತು ನಿಲ್ಲುವುದಿಲ್ಲ. ನೀವು ತೋಟಕ್ಕೆ ಹೋಗುವುದೇ ಆ ಮಾತು ನಿಲ್ಲಲಿ ಅಂತ.

ಹೊಸ ನೇಗಿಲು

ಎರಡು ದಡ ಅವರ ಒಂದು ವರ್ಷದ ಪ್ರಯೋಗ ನಾನೂ ಶುರು ಮಾಡುತ್ತೇನೆ. ಇದನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ವಾರಕ್ಕೊಮ್ಮೆ ಹೋಗುವವರು ಕಾಂಪೋಸ್ಟ್ ಮಾಡಬಹುದಾ?

ನೀರಿನ ಲೆಕ್ಕ

ಧಾರಾಳವಾಗಿ. ವಾರಕ್ಕೊಮ್ಮೆ ಬರುವವರಿಗೆ ಹೇಳಿ ಮಾಡಿಸಿದ ಕೆಲಸ ಅದು. ಹಸಿ ಸೊಪ್ಪು, ಸಗಣಿಗೆ ಒಣ ಎಲೆ, ಹುಲ್ಲು ಹೆಚ್ಚಾಗಿ ಸೇರಿಸಿ. ಇಂಗಾಲ ಸಾರಜನಕದ ಪ್ರಮಾಣ 25–30ಕ್ಕೆ 1 ಇದ್ದರೆ ಚೆನ್ನಾಗಿ ಬಿಸಿಯಾಗುತ್ತದೆ. ಕಮ್ಮಿ ಅಂದರೂ ಒಂದು ಮೀಟರ್ ಉದ್ದ ಅಗಲ ಎತ್ತರ ಇರಲಿ, ಅದಕ್ಕಿಂತ ಸಣ್ಣ ಗುಡ್ಡೆಯಲ್ಲಿ ಬಿಸಿ ನಿಲ್ಲುವುದಿಲ್ಲ. ಶನಿವಾರ ಹೋದ ತಕ್ಷಣ ಗುಡ್ಡೆಯ ನಡುವಿಗೆ ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಹಿಡಿಯಿರಿ. ಹಿಡಿಯಲು ಆಗದಷ್ಟು ಬಿಸಿ ಇದ್ದರೆ ಒಳಗೆ 55 ಡಿಗ್ರಿ ದಾಟಿರುತ್ತದೆ, ಕೆಲಸ ಚೆನ್ನಾಗಿ ನಡೆದಿದೆ. ಆರಿದ್ದರೆ ಹೊರಗಿನದು ಒಳಗೆ ಬರುವ ಹಾಗೆ ತಿರುವಿ ಹಾಕಿ. ಒಣಗಿದ್ದರೆ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು. ಗಬ್ಬು ವಾಸನೆ ಬಂದರೆ ಗಾಳಿ ಸಾಲದು ಅಂತ ಅರ್ಥ, ಒಣ ಎಲೆ ಸೇರಿಸಿ.

ಹೊಲದ ಹಾದಿ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಒಂಟಿ ಮರ ಅವರೇ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಮಾಡಲಾಗಲಿಲ್ಲ.

ಸಂಪಿಗೆ ತಂಗಿ, ನೀವು ಹೇಳಿದ ಹಾಗೆ ಕೇಳಿದೆ. ಊಟ ಆದ ಮೇಲೆ ಕೂತು, ನಿನಗೇನು ಬೇಕು ಅಂತ ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು. ತೋಟ ಬಿಡಿ ಅಂತ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ: "ನೀವು ವಾಪಸ್ ಬಂದಾಗ ಮನೆಗೆ ಬನ್ನಿ. ಬಂದ ಮೇಲೂ ಅಲ್ಲೇ ಇರ್ತೀರ." ಅದು ನಿಜ. ಭಾನುವಾರ ರಾತ್ರಿ ನಾನು ಮಾತಿಲ್ಲದೆ ಇರುತ್ತೇನೆ. ತೋಟದ ಸಮಾಧಾನವನ್ನು ಸೋಮವಾರದವರೆಗೆ ಜೋಪಾನ ಮಾಡಿಕೊಳ್ಳಬೇಕು ಅನ್ನುವ ಹಾಗೆ. ಅವಳಿಗೆ ಅದು ಮುಚ್ಚಿದ ಬಾಗಿಲಾಗಿ ಕಂಡಿದೆ. ಇನ್ನೊಂದು ಕೇಳಿದಳು: ಅವಳ ಗೆಳತಿಯರ ಜೊತೆ ಹೋಗಿಬರುವುದಕ್ಕೆ ತಿಂಗಳಿಗೆ ಒಂದು ಭಾನುವಾರ. ಒಪ್ಪುವುದೇನು ಬಂತು, ಅದು ಅವಳದೇ ದಿನ.

ಶನಿವಾರ ಬೆಳಿಗ್ಗೆ ಬೇಗ ಹೊರಟು ಭಾನುವಾರ ಮಧ್ಯಾಹ್ನಕ್ಕೇ ವಾಪಸ್ ಬರುವುದು ಅಂತ ಇಟ್ಟುಕೊಂಡಿದ್ದೇನೆ. ಬೆನ್ನು ನೆಟ್ಟಗೆ ಅವರು ಹೇಳಿದ ಸಂಜೆಯ ಫೋನೂ ಅದಕ್ಕೆ ಸೇರಿತು. ಮೊದಲ ಸಲ ಫೋನು ಮಾಡಿದಾಗ ಅವಳೇ ತೋಟದ ಬಗ್ಗೆ ಕೇಳಿದಳು, ಬಹಳ ದಿನದ ಮೇಲೆ.

ಪಕ್ಕದ ಎರಡು ಎಕರೆ ತಗೊಳ್ಳುವುದಿಲ್ಲ. ನೀರಿನ ಲೆಕ್ಕ ಅವರು ಹೇಳಿದ್ದನ್ನು ಹಾಳೆಯ ಮೇಲೆ ಬರೆದು ನೋಡಿದೆ. ಬೇಸಿಗೆಯಲ್ಲಿ ಮೂರು ಎಕರೆಗೆ ದಿನಕ್ಕೆ 60,000 ಲೀಟರ್. ನನ್ನ ಬಾವಿ ಅಷ್ಟು ಕೊಡುವುದಿಲ್ಲ. ಆಸೆ ಪೂರ್ತಿ ಹೋಗಿಲ್ಲ, ಬೇಲಿ ಪಕ್ಕ ನಡೆದಾಗ ಕಣ್ಣು ಆ ಕಡೆ ಹೋಗುತ್ತದೆ. ಆದರೆ ಇರುವ ಒಂದು ಎಕರೆಯಲ್ಲೇ ಅರ್ಧಕ್ಕೆ ಮರ, ಕಾಲು ಭಾಗಕ್ಕೆ ಗೆಣಸು ಅರಿಶಿನ ಅಂತ ಮಾಡಿಕೊಂಡು, ಉಳಿದ ಕಾಲು ಭಾಗವನ್ನು ಈ ಸಲ ಮಣ್ಣಿಗೇ ಬಿಡುತ್ತೇನೆ.

ನೌಕರಿ ಬಿಡುವ ಯೋಚನೆ ಸದ್ಯಕ್ಕೆ ನಿಲ್ಲಿಸಿದ್ದೇನೆ. ಎರಡು ದಡ ಅವರ ಹಾಗೆ ಕಡಿಮೆ ಸಂಬಳದಲ್ಲಿ ಒಂದು ವರ್ಷ ಇದ್ದು ನೋಡುವುದಕ್ಕೆ ಹೆಂಡತಿಯೂ ಒಪ್ಪಿದ್ದಾಳೆ, ಲೆಕ್ಕದ ಪುಸ್ತಕ ಅವಳ ಕೈಯಲ್ಲೇ ಇರಬೇಕು ಅನ್ನುವುದು ಅವಳ ಷರತ್ತು.

ಸಂಪಿಗೆ

ಓದಿ ತುಂಬಾ ಸಂತೋಷ ಆಯಿತು ಅಣ್ಣ. "ಬಂದ ಮೇಲೂ ಅಲ್ಲೇ ಇರ್ತೀರ" ಅನ್ನುವ ಮಾತು ನಮ್ಮ ಮನೆಯಲ್ಲೂ ಓದಿ ಹೇಳಿದೆ. ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಇಷ್ಟವಿದ್ದರೆ ಒಂದು ಮೂಲೆ ಅವರ ಹೆಸರಿಗೇ ಬಿಟ್ಟುಕೊಡಿ. ಏನು ನೆಡಬೇಕು ಅಂತ ನೀವು ಹೇಳಬೇಡಿ.

ಒಂಟಿ ಮರ

ಭಾನುವಾರ ಮಧ್ಯಾಹ್ನದ ಹೊತ್ತಿಗೆ ವಾಪಸ್ ಬರುವುದು ಒಳ್ಳೆಯ ತೀರ್ಮಾನ. ಹಗಲಿರುವಾಗಲೇ ಮನೆ ಸೇರಿದರೆ ಮಾತು ತಾನಾಗೇ ಬರುತ್ತದೆ.

ಹೊಲದ ಹಾದಿ

ಖಂಡಿತ ಹೇಳುತ್ತೇನೆ ತಂಗಿ. ಕರಿಮಣ್ಣು ಅವರೇ, ಒಂದು ಕೇಳುವುದಿತ್ತು. ಮಣ್ಣಿಗೆ ಬಿಟ್ಟ ಕಾಲು ಎಕರೆಗೆ ಹಸಿರೆಲೆ ಗೊಬ್ಬರಕ್ಕೆ ಅಂತ ಸೆಣಬು ಎರಚಬೇಕು ಅಂದುಕೊಂಡಿದ್ದೇನೆ. ವಾರಕ್ಕೊಮ್ಮೆ ಹೋಗುವವನು ಅದನ್ನು ಯಾವಾಗ ಮಣ್ಣಿಗೆ ಸೇರಿಸಬೇಕು? ಒಂದು ವಾರ ತಪ್ಪಿದರೆ ತೊಂದರೆಯಾ?

ಕರಿಮಣ್ಣು

ಒಳ್ಳೆಯ ಕೆಲಸ. ಬಿತ್ತಿ 45 ದಿನ ಆಗುವಾಗಿನಿಂದ ಕಣ್ಣಿಟ್ಟಿರಿ. ಹಳದಿ ಹೂ ಕಾಣಿಸಿಕೊಳ್ಳುತ್ತಿದ್ದ ಹಾಗೆ ಕೊಯ್ದು ಮಣ್ಣಿಗೆ ಸೇರಿಸಿ, ಹಸಿ ಇರುವಾಗಲೇ. ಒಂದು ವಾರ ಹೆಚ್ಚುಕಡಿಮೆ ಆದರೆ ಏನೂ ಆಗುವುದಿಲ್ಲ. ಕಾಯಿ ಕಟ್ಟುವ ತನಕ ಬಿಟ್ಟರೆ ಕಾಂಡ ನಾರಾಗುತ್ತದೆ, ಬೇಗ ಕೊಳೆಯುವುದಿಲ್ಲ. ಸೇರಿಸಿದ ಮೇಲೆ ಎರಡು ಮೂರು ವಾರ ಏನೂ ನೆಡಬೇಡಿ, ಕೊಳೆಯಲಿ. ಮೊದಲು ಒಂದು ಗಿಡ ಕಿತ್ತು ಬೇರು ನೋಡಿ. ಗಂಟುಗಳು ಇರುತ್ತವೆ, ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಇರಬೇಕು. ಬೆಳ್ಳಗೋ ಹಸಿರಾಗೋ ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ಸರಿಯಾಗಿ ಆಗುತ್ತಿಲ್ಲ ಅಂತ. ಹಾಗಿದ್ದರೆ ಮುಂದಿನ ಸಲ ಬಿತ್ತನೆಗೆ ಮುಂಚೆ ಬೀಜಕ್ಕೆ ರೈಜೋಬಿಯಂ, ಅಂದರೆ ಆ ಕೆಲಸ ಮಾಡುವ ಬ್ಯಾಕ್ಟೀರಿಯಾ, ಹಚ್ಚಬೇಕಾಗುತ್ತದೆ. ನೋಡಿ ತಿಳಿಸಿ.